ನೇರಳೆ ಅಂಚಿಗಿಂತ ಗ್ಲೇರ್ ನೋಡಿ

ಹಕ್ಕಿ ನೋಡಲು ಸ್ವರೋವ್‌ಸ್ಕಿ ಎನ್‌ಎಲ್ ಪ್ಯೂರ್ 8×42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಇರುವಂಥದ್ದು) ಒಳ್ಳೆಯದಾ, ಲೈಕಾ ನಾಕ್ಟಿವಿಡ್ 8×42 ಒಳ್ಳೆಯದಾ, ಹಕ್ಕಿಯ ಸುತ್ತ ನೇರಳೆ ಗೆರೆ ಕಂಡರೆ ಬಿಟ್ಟುಬಿಡಬೇಕಾ ಎಂದು ಕೇಳಿದ್ದೀರಿ. ನೇರಳೆ ಗೆರೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಿಳಿ ಆಕಾಶದ ಎದುರು ಕಪ್ಪು ಕೊಂಬೆ ನೋಡಿದರೆ ದುಬಾರಿ ಬೈನಾಕ್ಯುಲರ್‌ನಲ್ಲೂ ಅಂಚಿನ ಕಡೆ ಸ್ವಲ್ಪ ಕಾಣುತ್ತದೆ. ಕಣ್ಣು ಸರಿಯಾಗಿ ಮಧ್ಯಕ್ಕೆ ಬರದಿದ್ದರೆ ಇನ್ನೂ ಹೆಚ್ಚುತ್ತದೆ.

ನಿಜವಾಗಿ ಕಾಡುವುದು ಗ್ಲೇರ್, ಅಂದರೆ ಬೇಡದ ಬೆಳಕು ಒಳಗೆ ಚದುರಿ ಚಿತ್ರ ಮಂಕಾಗುವುದು. ಬೆಳಗ್ಗೆ ಸೂರ್ಯನಿರುವ ದಿಕ್ಕಿನಲ್ಲಿ, ಮರದ ನೆರಳಲ್ಲಿ ಕೂತ ಹಕ್ಕಿಯನ್ನು ನೋಡಿ (ಸೂರ್ಯನನ್ನು ಮಾತ್ರ ಯಾವತ್ತೂ ನೋಡಬೇಡಿ). ಚಿತ್ರದ ಕೆಳಭಾಗ ಹಾಲು ಚೆಲ್ಲಿದಂತೆ ಮಂಕಾದರೆ ಐಕಪ್ (ಕಣ್ಣಿಗೆ ತಾಗುವ ಬಳೆ) ಒಂದು ಹಂತ ಮೇಲೆ ಕೆಳಗೆ ಮಾಡಿ. ಆಗಲೂ ಹೋಗದಿದ್ದರೆ ಆ ಬೈನಾಕ್ಯುಲರ್ ನಿಮ್ಮ ಕಣ್ಣಿಗೆ ಹೊಂದುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಇದು ಗೊತ್ತಾಗುವುದಿಲ್ಲ, ಹೊರಗೆ ತಂದು ನೋಡಲು ಕೇಳಿ.

1000 ಮೀಟರ್ ದೂರದಲ್ಲಿ ಎನ್‌ಎಲ್ 159 ಮೀಟರ್ ಅಗಲ ತೋರಿಸುತ್ತದೆ, ನಾಕ್ಟಿವಿಡ್ 135. ದೊಡ್ಡ ವ್ಯತ್ಯಾಸವೇ ಅಲ್ವಾ? ಎನ್‌ಎಲ್‌ನಲ್ಲಿ ಚಿತ್ರ ಹೆಚ್ಚುಕಮ್ಮಿ ಅಂಚಿನವರೆಗೂ ಚೂಪು. ಆದರೆ ಇಂಥ ಚಪ್ಪಟೆ ಚಿತ್ರದ ಬೈನಾಕ್ಯುಲರ್‌ಗಳನ್ನು ಹಾರುವ ಹಕ್ಕಿಯ ಜೊತೆ ತಿರುಗಿಸಿದಾಗ, ಕೆಲವರಿಗೆ ದೃಶ್ಯ ಚೆಂಡಿನ ಮೇಲೆ ಉರುಳಿದಂತೆ ಅನಿಸುತ್ತದೆ. ನಿಮಗೂ ಹಾಗೆ ತಲೆ ಸುತ್ತಿದರೆ ಯೋಚಿಸದೆ ಲೈಕಾ ತಗೊಳ್ಳಿ. ಇಲ್ಲದಿದ್ದರೆ ನನ್ನ ಮತ ಎನ್‌ಎಲ್‌ಗೆ.