ಭುಜಕ್ಕೆ ಬಿದ್ದ ಕತ್ತಿಯೇಟು ಸಣ್ಣ ಗಾಯವಲ್ಲ

ಭುಜಕ್ಕೆ ಕತ್ತಿ ಹೊಕ್ಕರೂ ನಿಮ್ಮ ಕತೆಯ ನಾಯಕ ಕಾದಾಡಿ ಗೆಲ್ಲುತ್ತಾನೆ, ಖಳ ಹೊಟ್ಟೆಗೆ ಬಿದ್ದ ಒಂದೇ ತಿವಿತಕ್ಕೆ ಅಲ್ಲೇ ಸಾಯುತ್ತಾನೆ, ಇದು ನಂಬುವಂತಿದೆಯೇ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ತಿರುವುಮುರುವಾಗಿವೆ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಸರ್ಜನ್ ಆಗಿದ್ದವನು. ಕತ್ತಿಯ ಗಾಯ ನೋಡಿಲ್ಲ, ಮಚ್ಚು-ಚಾಕುವಿನವು ಬೇಕಾದಷ್ಟು ನೋಡಿದ್ದೇನೆ.

ನಾಯಕನನ್ನು ಕೊಲ್ಲಲು ಮನಸ್ಸಿಲ್ಲದ ಲೇಖಕರೆಲ್ಲ ಭುಜವನ್ನೇ ಹುಡುಕಿಕೊಂಡು ಹೋಗುತ್ತಾರೆ. ಆದರೆ ಕೊರಳೆಲುಬಿನ ಕೆಳಗೆ ಕೈಗೆ ಹೋಗುವ ದೊಡ್ಡ ರಕ್ತನಾಳವಿದೆ, ಅದಕ್ಕೆ ಅಂಟಿಕೊಂಡೇ ನರಗಳ ಗೊಂಚಲಿದೆ. ಆ ರಕ್ತನಾಳ ಕತ್ತರಿಸಿದರೆ ಬಟ್ಟೆ ಬಿಗಿದು ಕಟ್ಟಲು ಅಲ್ಲಿ ಜಾಗವೇ ಇಲ್ಲ. ನರ ಹರಿದರೆ ಕೈ ಹಗ್ಗದ ಹಾಗೆ ಜೋತು ಬೀಳುತ್ತದೆ, ಎಷ್ಟೋ ಸಲ ಜೀವನಪೂರ್ತಿ.

ಹೊಟ್ಟೆಯ ಕತೆಯೇ ಬೇರೆ. ಮಹಾಧಮನಿಯಂಥ ದೊಡ್ಡ ರಕ್ತನಾಳ ತಪ್ಪಿದ್ದರೆ ಮನುಷ್ಯ ಎದ್ದು ನಡೆದಾನು, ಬೈದಾನು. ಕರುಳು ತೂತಾಗಿದ್ದರೆ ಒಳಗಿನದ್ದು ಸೋರಿ, ಒಂದೆರಡು ದಿನದಲ್ಲಿ ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ, ಜ್ವರ ಏರುತ್ತದೆ. ಆ್ಯಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಬಹುಪಾಲು ಅದೇ ಕೊನೆ. ಅಂದರೆ ನಿಮ್ಮ ಖಳನಿಗೆ ಮಾತಾಡಲು ಎರಡು-ಮೂರು ದಿನ ಸಿಕ್ಕಂತಾಯಿತು. ಕತೆಗಾರನಿಗೆ ಇನ್ನೇನು ಬೇಕು?

ಹೃದಯಕ್ಕೇ ಬಿದ್ದರೂ ಕೆಲವರು ಹತ್ತಾರು ಸೆಕೆಂಡು ಎಚ್ಚರವಾಗಿರುತ್ತಾರೆ. ಎದುರಾಳಿಯನ್ನು ಮುಗಿಸಲು ಅಷ್ಟು ಸಾಕು.

ಜಗಳ ನಿಜವಾಗಿ ನಿಲ್ಲುವುದು ಎಷ್ಟೋ ಸಲ ಕೈಗೆ ಬಿದ್ದ ಏಟಿನಿಂದ. ಒಬ್ಬ ಮಚ್ಚಿಗೆ ಅಂಗೈ ಅಡ್ಡ ಹಿಡಿದು ಬಂದಿದ್ದ. ರಕ್ತ ಅಂಥಾ ಹೆಚ್ಚೇನಿರಲಿಲ್ಲ, ನೋವು ಅಂತಲೂ ಅನ್ನಲಿಲ್ಲ. "ಸಾರ್, ಈ ಎರಡು ಬೆರಳು ಮಾತು ಕೇಳ್ತಿಲ್ಲ" ಅಂತ ಅವನ್ನೇ ದಿಟ್ಟಿಸುತ್ತಿದ್ದ. ಸ್ನಾಯುರಜ್ಜು, ಅಂದರೆ ಬೆರಳನ್ನು ಎಳೆಯುವ ಹುರಿ, ಕತ್ತರಿಸಿ, ತುದಿಗಳು ಒಳಗೆ ಸೇದಿಕೊಂಡಿದ್ದವು. ಇಂಥ ಕೈಯಲ್ಲಿ ಕತ್ತಿ ಹಿಡಿಯುವುದು ಎಲ್ಲಿಂದ ಬಂತು!

ಕಾಲನ್ನೂ ಮರೆಯಬೇಡಿ. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದ ವಿಸ್ಬಿಯಲ್ಲಿ 1361ರ ಯುದ್ಧದಲ್ಲಿ ಸತ್ತವರ ಸಾಮೂಹಿಕ ಗೋರಿಗಳಲ್ಲಿ ಸಿಕ್ಕ ಎಲುಬುಗಳಲ್ಲಿ ಕಡಿತದ ಗುರುತು ಹೆಚ್ಚಾಗಿ ಮೊಣಕಾಲಿನಿಂದ ಕೆಳಗೇ ಇವೆ. ಗುರಾಣಿ ಮೇಲ್ಭಾಗವನ್ನು ಕಾಯುತ್ತದೆ, ಮೊಣಕಾಲ ಕೆಳಗೆ ಕಾಯುವುದೇನಿದೆ?

ನಾಯಕ ಬದುಕಲೇಬೇಕು ಅಂದರೆ ದಾರಿಯಿದೆ. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಯುದ್ಧದಲ್ಲಿ ಸತ್ತ ಒಬ್ಬನ ದವಡೆಯಲ್ಲಿ ಹಳೆಯ ಕತ್ತಿಯೇಟು ಚೆನ್ನಾಗಿ ಮಾಗಿತ್ತು. ಮುಖ ಸೀಳಿಸಿಕೊಂಡು ಬದುಕಿ, ಮತ್ತೆ ಯುದ್ಧಕ್ಕೆ ಬಂದವನು. ನಿಮ್ಮ ನಾಯಕನ ಗಾಯವನ್ನೂ ಭುಜದಿಂದ ಕೆನ್ನೆಗೆ ಸಾಗಿಸಿ. ನೋಡಲು ಭೀಕರ, ಆದರೆ ಎರಡೂ ಕೈ ಉಳಿಯುತ್ತವೆ.

ಇನ್ನೊಂದು ಸಣ್ಣ ತಕರಾರು: ಖಳನಿಗೆ ಉಕ್ಕಿನ ಎದೆಕವಚ ತೊಡಿಸಿದ್ದರೆ ಕತ್ತಿ ಅದನ್ನು ಸೀಳುವುದಿಲ್ಲ. ಕಂಕುಳಿಗೋ ಮೊಣಕಾಲ ಹಿಂಬದಿಗೋ ತಿವಿಸಿ.