ಬಯಲಿನ ಕಾಲಿಗೆ ಬೆಟ್ಟದ ಓಟ

ಪ್ರಶ್ನೆ: ನಾನು ಗಂಗಾವತಿಯವನು. ರಸ್ತೆಯಲ್ಲಿ 21 ಕಿ.ಮೀ. ಆರಾಮಾಗಿ ಓಡುತ್ತೇನೆ. ಮಲೆನಾಡಿನಲ್ಲಿ ನಡೆಯುವ 50 ಕಿ.ಮೀ. ಟ್ರೇಲ್ (ಕಾಡು-ಬೆಟ್ಟದ ಕಾಲುದಾರಿ) ಓಟಕ್ಕೆ ಹೆಸರು ಕೊಟ್ಟಿದ್ದೇನೆ, ಇನ್ನೂ ಐದು ತಿಂಗಳಿದೆ. ನಮ್ಮ ಕಡೆ ಎಲ್ಲಿ ನೋಡಿದರೂ ಭತ್ತದ ಗದ್ದೆ, ಕಾಲುವೆ ದಾರಿ. ಬೆಟ್ಟದ ಓಟ ಕಲಿಯೋದು ಹೇಗೆ?

ಉತ್ತರ: ಆನೆಗೊಂದಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಬೆಟ್ಟ ಇಲ್ಲ ಅಂತೀರಲ್ಲ! ಅಲ್ಲಿನ ಅಂಜನಾದ್ರಿ ಬೆಟ್ಟದ ಹನುಮಂತನ ಗುಡಿಗೆ 575 ಮೆಟ್ಟಿಲಿವೆ. ವಾರಕ್ಕೊಮ್ಮೆ ಹತ್ತಿ ಇಳಿಯಿರಿ. ಶನಿವಾರ ಮಾತ್ರ ಬೇಡ, ಭಕ್ತರ ಗುಂಪಿನ ನಡುವೆ ಓಡೋದು ಸರಿಯಲ್ಲ. ಏರನ್ನು ಜೋರಾಗಿ ನಡೆದೇ ಮುಗಿಸಿ, ಇಂಥ ಓಟಗಳಲ್ಲಿ ಹೆಚ್ಚಿನವರು ಮಾಡೋದೂ ಅದನ್ನೇ. ನಿಜವಾಗಿ ಕಾಲು ಸೋಲೋದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಅಭ್ಯಾಸ ಇಲ್ಲದಿದ್ದರೆ ಮರುದಿನ ಕುಕ್ಕರುಗಾಲಲ್ಲಿ ಕೂರೋಕೂ ಆಗಲ್ಲ. ಸಣ್ಣ ಹೆಜ್ಜೆ ಹಾಕಿ, ಮೊದಮೊದಲು ಸ್ವಲ್ಪವೇ ಮಾಡಿ. ಆನೆಗೊಂದಿಯ ಬಂಡೆಗಳ ಕಡೆ ಚಿರತೆ, ಕರಡಿ ಇವೆ, ಕತ್ತಲಲ್ಲಿ ಒಬ್ಬರೇ ಹೋಗಬೇಡಿ.

ಕಾಲುವೆ ದಾರಿಯನ್ನೂ ಬಿಡಬೇಡಿ, ವಾರದ ಉದ್ದನೆಯ ಓಟಕ್ಕೆ ಅದೇ ಚೆನ್ನ. ದೂರ ಬಿಟ್ಟು ಹೊತ್ತು ಲೆಕ್ಕ ಹಾಕಿ, ಎರಡು ಗಂಟೆಯಿಂದ ಶುರು ಮಾಡಿ ನಿಧಾನಕ್ಕೆ ನಾಲ್ಕೈದು ಗಂಟೆಗೆ ಒಯ್ಯಿರಿ. ಓಡುತ್ತಾ ತಿನ್ನೋದನ್ನೂ ಅಲ್ಲೇ ಕಲಿಯಬೇಕು: ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಬಾಳೆಹಣ್ಣು, ಬೆಲ್ಲ, ಖರ್ಜೂರ, ಯಾವುದು ಹೊಟ್ಟೆಗೆ ಒಗ್ಗುತ್ತೋ ಅದು. ಬರೀ ನೀರನ್ನೇ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ತಲೆಸುತ್ತು ಬರಬಹುದು. ಬಾಯಾರಿದಾಗ ಕುಡಿಯಿರಿ, ಜೊತೆಗೆ ಓಆರ್‌ಎಸ್ ಇರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಶೂವನ್ನು ಓಟಕ್ಕೆ ಒಂದು ತಿಂಗಳ ಮೊದಲೇ ಕೊಳ್ಳಿ, ಮಲೆನಾಡಿನ ಕೆಸರಿಗೆ ಅಡಿಯ ಹಲ್ಲು ಆಳವಾಗಿರಬೇಕು.