ಲಾರಿ ಇಂಜಿನ್ ಬಿಸಿಯೇ ಆಗ್ತಿಲ್ಲವೇ? ಥರ್ಮೋಸ್ಟ್ಯಾಟ್ ನೋಡಿ

ಸುರತ್ಕಲ್‌ನಿಂದ ಉಡುಪಿವರೆಗೆ ಓಡಿಸಿದರೂ ಗೇಜಿನ ಮುಳ್ಳು ಮೇಲೇಳುತ್ತಿಲ್ಲ ಅಂದ್ರೆ, ಹೆಚ್ಚಾಗಿ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಹೋಗದಂತೆ ತಡೆಯುವ ವಾಲ್ವ್) ತೆರೆದೇ ಸಿಕ್ಕಿಕೊಂಡಿರುತ್ತದೆ. ಅಥವಾ ಒಳಗೆ ಅದು ಇಲ್ಲವೇ ಇಲ್ಲ! ನಮ್ಮ ಸೆಕೆಗೆ ಹೆದರಿ ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳಿದ್ದಾರೆ. ನನ್ನ ಹಳೇ ಲಾರಿಯ ಕತೆಯೂ ಅದೇ.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ ನೋಡಿ. ಫ್ಯಾನಿನಿಂದ ಕೈ ದೂರ ಇರಲಿ. ಸ್ವಲ್ಪ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟ್ಯಾಟ್ ಬಹುಶಃ ಸರಿ ಇದೆ. ಗೇಜ್, ಸೆನ್ಸರ್ ಪರೀಕ್ಷಿಸಿ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಥರ್ಮೋಸ್ಟ್ಯಾಟ್ ಕೂತಿರುವ ಹೌಸಿಂಗ್ ಬಿಚ್ಚಿ. ತಣ್ಣಗಿದ್ದಾಗಲೂ ಬಾಯಿ ತೆರೆದಿದ್ದರೆ ಬದಲಿಸಿ. ಹೊಸದನ್ನು ಹಳೆಯದರ ಮೇಲೆ ಕೆತ್ತಿರುವ ಡಿಗ್ರಿಯದ್ದೇ ತನ್ನಿ. ಥರ್ಮೋಸ್ಟ್ಯಾಟೂ ಸರಿ ಇದ್ದರೆ, ಬೇಕಾದಾಗ ಮಾತ್ರ ಫ್ಯಾನನ್ನು ಜೋರಾಗಿ ತಿರುಗಿಸುವ ಫ್ಯಾನ್ ಕ್ಲಚ್ ಮೇಲೆ ಸಂಶಯ ಪಡಿ.

ಸುಮ್ನೆ ಹಾಗೇ ಓಡಿಸಬೇಡಿ, ಡೀಸೆಲ್ ಜಾಸ್ತಿ ಕುಡಿಯುತ್ತದೆ.